ಗಬ್ಬದ ಹಸು ಈಯುವ ಸಮಯವನ್ನು ಅರಿಯುವ ಕ್ರಮ

ಈಯುವ ಕಾಲದಲ್ಲಿ ಹಸುವೋ ಕರುವೋ ಸತ್ತರೆ ರೈತನಿಗೆ ಆ ವರ್ಷದ ಹೈನು ಹೋಗುವುದಲ್ಲದೆ ಮುಂದಿನ ರಾಸೂ ಕೈತಪ್ಪಿದಂತಾಗುವುದು. ಇಂತಹ ನಷ್ಟಗಳಲ್ಲಿ ಅನೇಕವು ವೇಳೆಯನ್ನು ಅರಿಯದಿರುವುದರಿಂದಲೇ ಸಂಭವಿಸತಕ್ಕವು. ಕೆಲವರು ನೀರುಚೀಲ ಕಂಡೊಡನೆ ಕೈಹಾಕಿ ಎಳೆಯುವರು. ಮತ್ತೆ ಕೆಲವರು ಹಸು ನರಳುತ್ತಿದ್ದರೂ ಬೆಳಗಾಗಲೆಂದು ಕಾದು ಕುಳಿತಿರುವರು. ಎರಡೂ ತಪ್ಪು.

ಹೋರಿ ಕೂಡಿದ ಅಥವಾ ಕೃತಕ ಗರ್ಭಧಾರಣೆ ಮಾಡಿಸಿದ ದಿನವನ್ನು ಕೊಟ್ಟಿಗೆಯ ಗೋಡೆಯ ಮೇಲಾದರೂ ಬರೆದಿಡತಕ್ಕದ್ದು. ಹಸುವಿನ ಗಬ್ಬದ ಅವಧಿ ಸುಮಾರು 280ರಿಂದ 290 ದಿನ. ಎಮ್ಮೆಯದು ಸುಮಾರು 310 ದಿನ. ನಡುವೆ ಅಧಿಕಮಾಸ ಬಾರದಿದ್ದಲ್ಲಿ, ಯುಗಾದಿಯಂದು ಗಬ್ಬವಾದ ಹಸು ಪುಷ್ಯದ ಹುಣ್ಣಿಮೆ ಕಳೆದ ಮೇಲೂ, ಎಮ್ಮೆ ಮಾಘದ ಹುಣ್ಣಿಮೆಯ ಆಸುಪಾಸಿನಲ್ಲೂ ಈಯುವುದೆಂದು ಎಣಿಸಬಹುದು.

ಕೆಚ್ಚಲು ತುಂಬುವುದನ್ನೇ ಮುಖ್ಯ ಗುರುತೆಂದು ಹಲವರು ನಂಬಿರುವರು. ಚೊಚ್ಚಲು ಕಡಸಿಗೆ ಅನೇಕ ವಾರಗಳ ಮೊದಲೇ ಕೆಚ್ಚಲಿಳಿಯಬಹುದು. ಹಳ್ಳಿಕಾರ್ ಹಸುವಿನ ಸಣ್ಣ ಕೆಚ್ಚಲು ಕಡೆಯವರೆಗೂ ಹೆಚ್ಚಾಗಿ ಉಬ್ಬದಿರಲೂಬಹುದು. ಆದಕಾರಣ ಇದೊಂದನ್ನೇ ನೆಚ್ಚಲಾಗದು. ಇದಕ್ಕಿಂತ ನಂಬತಕ್ಕ ಗುರುತು ಬಾಲದ ಬುಡದಲ್ಲಿರುವುದು. ಅಲ್ಲಿ ಎರಡು ಪಕ್ಕಗಳಲ್ಲಿಯೂ ಹುರಿಯಂತೆ ಬಿಗಿಯಾದ ಕಟ್ಟುಗಳುಂಟು. ದಿನ ಸಮೀಪಿಸಿದಂತೆ ಇವು ಸಡಿಲವಾಗಿ ಬಾಲದ ಎರಡು ಕಡೆ ತಗ್ಗು ಬೀಳುವುದು. ಪ್ರತಿದಿನ ಸಂಜೆ ಬೆರಳಿನಿಂದ ಒತ್ತಿ ನೋಡುವ ವಾಡಿಕೆಯಿಟ್ಟುಕೊಂಡವರಿಗೆ ಈ ವ್ಯತ್ಯಾಸವು ಸುಲಭವಾಗಿ ತಿಳಿಯುವುದು. ಕಟ್ಟುಗಳು ಪೂರ್ತಿ ಮೆತ್ತಗಾದರೆ ಬಹುಮಟ್ಟಿಗೆ ಒಂದು ದಿನದೊಳಗೆ ಹಸು ಈಯುವುದು. ಯೋನಿ ಊದಿ ಜೋಲುವುದು, ಗಟ್ಟಿ ಲೋಳೆ ದಾರದಂತೆ ಇಳಿಯುವುದು, ಮೊಲೆತೊಟ್ಟುಗಳು ತುಂಬಿ ಬಿಗಿಯುವುದು ಇವೂ ಇದೇ ಕಾಲದಲ್ಲಿ ತೋರುವುವು.

ಅನಂತರ ಹಸು ಮೇವು ಬಿಟ್ಟು, ಗುಂಪಿನಿಂದ ದೂರ ನಿಂತು, ಪಕ್ಕೆಯನ್ನು ತಿರುಗಿ ನೋಡುತ್ತ, ಮೇಲಿಂದ ಮೇಲೆ ಮಲಗಿ ಏಳುವುದು. ಬಾಲವನ್ನೆತ್ತಿ ಸ್ವಲ್ಪಸ್ವಲ್ಪವಾಗಿ ಗಂಜಲ ಹುಯ್ಯುವುದು. ಒಳಗೆ ಗರ್ಭದ ಬಾಯಿ ತೆರೆಯುತ್ತಿರುವ ಕಾಲವಿದು. ಸಾಮಾನ್ಯವಾಗಿ ಎರಡರಿಂದ ಆರು ಗಂಟೆ, ಕಡಸುಗಳಿಗೆ ಇನ್ನೂ ಹೆಚ್ಚು ಹಿಡಿಯಬಹುದು. ಈಗ ಹಸುವನ್ನು ಒಣಹುಲ್ಲು ಹಾಸಿದ ಚೊಕ್ಕಟ ಸ್ಥಳದಲ್ಲಿ ಒಂಟಿಯಾಗಿ ಬಿಟ್ಟು, ಒಬ್ಬನು ದೂರದಿಂದ ಕಾದಿರಬೇಕು. ಊರಿನ ಜನವೆಲ್ಲ ಕೊಟ್ಟಿಗೆಯ ಬಾಗಿಲಲ್ಲಿ ನೆರೆಯುವುದು ಹಸುವಿಗೆ ಉಪಕಾರವಲ್ಲ. ಇಂತಹ ಚಡಪಡಿಕೆ ಎಂಟು ಗಂಟೆ ಮೀರಿಯೂ ಮುಕ್ಕುವಿಕೆ ಆರಂಭವಾಗದಿದ್ದರೆ ಗರ್ಭಕೋಶವು ತಿರುಚಿಕೊಂಡಿರಬಹುದು. ಎಮ್ಮೆಗಳಲ್ಲಿ ಇದು ಹೆಚ್ಚು. ನಾಟಿ ಮದ್ದಿನಿಂದ ಇದು ಸರಿಹೋಗದು. ಕೂಡಲೆ ಪಶುವೈದ್ಯರನ್ನು ಕರೆತರಬೇಕು.

ನೀರುಚೀಲ ಕಂಡಾಗ ಅದನ್ನು ಒಡೆಯಬಾರದು. ಹೊರಬರುವ ಎರಡು ಗೊರಸುಗಳ ತಳವು ನೆಲದ ಕಡೆಗಿದ್ದು, ಅವುಗಳ ಮೇಲೆ ಮೂತಿ ಕಂಡರೆ ಕರು ಕ್ರಮವಾಗಿದೆ. ತಳವು ಮೇಲ್ಮುಖವಾಗಿದ್ದರೆ ಅವು ಹಿಂಗಾಲುಗಳಾಗಿರುವುದು ಸಂಭವ. ಒಂದೇ ಕಾಲು, ಬಾಲ ಮಾತ್ರ, ಅಥವಾ ಕಾಲಿಲ್ಲದೆ ತಲೆ ಮಾತ್ರ ಕಂಡರೂ ಎಳೆಯಬಾರದು. ಚೀಲ ಕಂಡು ಹಸುವಿಗೆ ಒಂದು ಗಂಟೆ, ಕಡಸಿಗೆ ಎರಡು ಗಂಟೆ ಕಳೆದರೂ ಕರು ಮುಂದೆ ಸರಿಯದಿದ್ದರೆ ರಾತ್ರಿಯೆಂದು ಸಂಕೋಚಪಡದೆ ವೈದ್ಯರಿಗೆ ಹೇಳಿಕಳುಹಿಸತಕ್ಕದ್ದು. ಗಬ್ಬದ ರಾಸುಗಳಿರುವ ಮನೆಗಳವರಿಗೆ ವೈದ್ಯರ ಇರುವಿಕೆಯನ್ನು ಮುಂಚಿತವಾಗಿ ತಿಳಿಸಿಡುವುದು ಊರಿನ ಮುಖಂಡರಿಗೆ ಕಷ್ಟದ ಕೆಲಸವಲ್ಲ.

ಕರು ಬಿದ್ದ ಕೂಡಲೆ ಮೂಗು ಬಾಯಿಗಳ ಲೋಳೆಯನ್ನು ತೆಗೆದು, ಮೊದಲ ಒಂದೆರಡು ಗಂಟೆಯೊಳಗೆ ಗಿಣ್ಣುಹಾಲನ್ನು ಹೊಟ್ಟೆತುಂಬ ಕುಡಿಸಬೇಕು; ಮನೆಯವರ ಗಿಣ್ಣು ಆಮೇಲೆ. ಮಾಸು ಹನ್ನೆರಡು ಗಂಟೆಯಲ್ಲಿ ಬೀಳದಿದ್ದರೆ ವೈದ್ಯರಿಗೆ ತೋರಿಸತಕ್ಕದ್ದೇ ಹೊರತು ಅದಕ್ಕೆ ಕಲ್ಲು ಕಟ್ಟಿ ಜಗ್ಗಬಾರದು.