ಗೊಟಗೋಡಿಯಲ್ಲಿ ಕಾಲೂರಿ ನಿಂತ ದೊಡ್ಡಾಟ

ಹಾಡು, ಕುಣಿತ, ವೇಷಭೂಷಣ, ರಾತ್ರಿಯಿಡೀ ಜಾಗರಣೆ: ಇವೆಲ್ಲ ಶಿಗ್ಗಾವಿ ಸೀಮೆಯಲ್ಲಿ ಎಂದೂ ಬೇರೆ ಬೇರೆ ಕಸುಬುಗಳಾಗಿರಲಿಲ್ಲ. ದೊಡ್ಡಾಟ ಅಂದರೆ ಎಲ್ಲವೂ ಬಂತು. ಆ ಆಟದ ಕಣ್ಣನ್ನು ಬಣ್ಣಕ್ಕೂ ಸಿಮೆಂಟಿಗೂ ತಂದವರು ಟಿ.ಬಿ. ಸೊಲಬಕ್ಕನವರ. ಶಿಗ್ಗಾವಿ ತಾಲ್ಲೂಕಿನ ಹುಲಸೋಗಿಯವರು. ಚಿತ್ರ ಬರೆದರು, ಶಿಲ್ಪ ಮಾಡಿದರು, ದೊಡ್ಡಾಟ ಆಡಿಸಿದರು. ಪುಣೆ–ಬೆಂಗಳೂರು ಹೆದ್ದಾರಿಯ ಪಕ್ಕದ ಗೊಟಗೋಡಿಯಲ್ಲಿರುವ ಉತ್ಸವ ರಾಕ್ ಗಾರ್ಡನ್ ಅವರ ಕೈಯ ದೊಡ್ಡ ಕೆಲಸ.

ಆ ತೋಟ ತಿಳಿಯಬೇಕಾದರೆ ಮೊದಲು ಆಟ ತಿಳಿಯಬೇಕು. ಸುಗ್ಗಿ ಮುಗಿದು ಕೈ ಬಿಡುವಾದಾಗ ಊರ ಬಯಲಲ್ಲಿ ಅಟ್ಟ ಏಳುತ್ತದೆ. ಅದಕ್ಕೂ ಮುಂಚೆ ತಿಂಗಳುಗಟ್ಟಲೆ ತಾಲೀಮು. ಹಗಲು ನೇಗಿಲು ಹಿಡಿದವನೇ ರಾತ್ರಿ ಕರ್ಣ, ಇಲ್ಲವೇ ದುಶ್ಶಾಸನ. ಗಣಪತಿ ಸ್ತುತಿ ಮುಗಿದು ಮದ್ದಳೆ ಏರಿತೆಂದರೆ ಪರದೆಯ ಹಿಂದೆ ಪಾತ್ರ ಬಂದು ನಿಲ್ಲುತ್ತದೆ. ಮೊದಲು ಗೆಜ್ಜೆಯ ಸದ್ದು, ಆಮೇಲೆ ಪರದೆಯ ಮೇಲಂಚಿನಲ್ಲಿ ಕಿರೀಟದ ತುದಿ, ಕಡೆಗೆ ಪೂರ್ತಿ ವೇಷ. ಬಂದವರು ಯಾರು, ಯಾವ ದೇಶದ ಅರಸರು ಎಂದು ಆಟ ನಡೆಸುವ ಸಾರಥಿ ಕೇಳುವ ಹೊತ್ತಿಗೆ ಬಯಲು ತುಂಬ ಕೂತ ಜನಕ್ಕೆ ಅದು ಆಗಲೇ ಗೊತ್ತಾಗಿರುತ್ತದೆ.

ಗೊತ್ತು ಮಾಡಿಸುವುದು ವೇಷ. ಕಿರೀಟ, ಭುಜಕೀರ್ತಿ, ಎದೆಹಾರಗಳನ್ನು ಹಗುರ ಕಟ್ಟಿಗೆಯಲ್ಲಿ ಕೆತ್ತಿ, ಮೇಲೆ ಬಣ್ಣದ ಬೇಗಡೆ ಅಂಟಿಸಿ, ನಡುನಡುವೆ ಕನ್ನಡಿ ಚೂರು ಕೂಡಿಸುತ್ತಾರೆ. ಹಗಲು ಬೆಳಕಲ್ಲಿ ಹತ್ತಿರದಿಂದ ನೋಡಿದರೆ ಒರಟು ಕೆಲಸ ಅನ್ನಿಸೀತು. ಆದರೆ ಅದನ್ನು ಮಾಡಿದ್ದು ಪಂಜಿನ ಬೆಳಕಿಗೆ, ಪಂಜು ಹೋದ ಮೇಲೆ ಗ್ಯಾಸ್‌ಬತ್ತಿಗೆ. ಬಯಲಿನ ಕಡೆಯ ಸಾಲಿನಲ್ಲಿ ಕಂಬಳಿ ಹೊದ್ದು ಕೂತ ಮುದುಕಿಗೂ ಇವನು ಅರಸನೆಂದು ಕಾಣಬೇಕು. ಅದಕ್ಕೇ ಹೆಗಲು ಅಷ್ಟು ಅಗಲ, ಹೊಳಪು ಅಷ್ಟು ದಟ್ಟ. ದೂರದ ಲೆಕ್ಕ, ಬೆಳಕಿನ ಲೆಕ್ಕ, ಕುಣಿವ ಮೈಗೆ ಭಾರದ ಲೆಕ್ಕ ಮೂರೂ ಕೂಡಿದ ಈ ಜಾಣ್ಮೆಯನ್ನು ನಾವು ಜಾನಪದವೆಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ನನಗೆ ಸರಿಕಾಣದು.

ರಾಕ್ ಗಾರ್ಡನ್‌ನ ಶಿಲ್ಪಗಳಲ್ಲಿ ಅರಸರಿಲ್ಲ, ಒಕ್ಕಲು ಮಕ್ಕಳಿದ್ದಾರೆ. ದನ ಮೇಯಿಸುವವರು, ಕಮ್ಮಾರರು, ಕುಂಬಾರರು, ಮನೆಗೆಲಸದ ಹೆಂಗಸರು, ಎಲ್ಲರೂ ಆಳೆತ್ತರದವರು. ಒಂದು ಮುಖದಂತೆ ಇನ್ನೊಂದಿಲ್ಲ. ನೋಡಬಂದವರು ಮುಖಕ್ಕೇ ಮರುಳಾಗುತ್ತಾರೆ, ನಿಜ. ನಾನಾದರೆ ನಿಲುವು ನೋಡಿ ಎನ್ನುತ್ತೇನೆ. ಮೈಭಾರ ಯಾವ ಕಾಲ ಮೇಲಿದೆ, ಕತ್ತು ಎತ್ತ ಹೊರಳಿದೆ, ಕೈ ಎಲ್ಲಿಗೆ ಬಂದು ನಿಂತಿದೆ ಎಂಬುದನ್ನು ಆಟ ಕಲಿಸಿದ ಮಾಸ್ತರರೇ ಇಷ್ಟು ಖಚಿತವಾಗಿ ಹಿಡಿಯಬಲ್ಲರು. ಬರೀ ಶಿಲ್ಪಶಾಲೆಯಲ್ಲಿ ಕಲಿತ ಕೈಗೆ ಇದು ಸುಲಭಕ್ಕೆ ದಕ್ಕುವಂಥದ್ದಲ್ಲ.

ಅಲ್ಲೇ ಡಾ. ರಾಜ್ ಸರ್ಕಲ್ ಕೂಡ ಇದೆ. ರಾಜ್‌ಕುಮಾರ್ ಅವರ ಸಿನಿಮಾ ಪಾತ್ರಗಳು ಶಿಲ್ಪಗಳಾಗಿ ನಿಂತಿವೆ. ಬಂದವರು ಮೊದಲು ಫೋಟೊ ತೆಗೆಸಿಕೊಳ್ಳುವುದು ಇವುಗಳ ಮುಂದೆ. ಹೊಲಗೆಲಸದವರ ನಡುವೆ ಸಿನಿಮಾ ನಟನಿಗೇನು ಕೆಲಸ ಎಂದು ಕೆಲವರು ಕೇಳಬಹುದು. ರಾಜ್‌ಕುಮಾರ್ 1954ರ ‘ಬೇಡರ ಕಣ್ಣಪ್ಪ’ಕ್ಕೆ ಬಂದದ್ದೇ ಕಂಪನಿ ನಾಟಕದಿಂದ, ಕಿರೀಟ ತೊಟ್ಟು ನಿಲ್ಲುವ ಗತ್ತು ಅವರು ರಂಗದ ಮೇಲೆ ಕಲಿತದ್ದು. ಆ ನೆಂಟಸ್ತನ ಸೊಲಬಕ್ಕನವರ ಕಣ್ಣಿಗೆ ಬೀಳದೆ ಇರುತ್ತದೆಯೇ?

2011ರಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೂ ಇದೇ ಗೊಟಗೋಡಿಗೆ ಬಂತು. ಪಕ್ಕದ ಹಾನಗಲ್ಲ ತಾಲ್ಲೂಕಿನ ಶೇಷಗಿರಿ ನಾಟಕದಿಂದಲೇ ಹೆಸರಾದ ಹಳ್ಳಿ. ಸಂತ ಶಿಶುನಾಳ ಶರೀಫರ ಊರು ಶಿಗ್ಗಾವಿ ತಾಲ್ಲೂಕಿನದೇ. ಇಷ್ಟೆಲ್ಲ ಕೈಗೆಟುಕುವಷ್ಟು ಹತ್ತಿರ ಇರುವಾಗ ತೋಟದ ಬಯಲಲ್ಲಿ ಸುಗ್ಗಿಯ ನಂತರ ಒಂದು ರಾತ್ರಿ, ಬೆಳಗಿನ ಮಂಗಳಾರತಿಯವರೆಗೆ, ಪೂರ್ತಿ ದೊಡ್ಡಾಟ ನಡೆಯಲಿ ಎಂಬುದು ನನ್ನ ಬಹುದಿನದ ಆಸೆ. ಆ ರಾತ್ರಿಯನ್ನು ನೋಡಲು ಸೊಲಬಕ್ಕನವರ ಇಲ್ಲ; 2020ರ ನವೆಂಬರ್‌ನಲ್ಲಿ ತೀರಿಕೊಂಡಾಗ ಅವರು ಕರ್ನಾಟಕ ಬಯಲಾಟ ಅಕಾಡೆಮಿಯ ಅಧ್ಯಕ್ಷರಾಗಿದ್ದರು.