ಮುಳ್ಳಿನ ಸೀಮೆಯ ಟಯರ್ ಚಪ್ಪಲಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಕೆರೆಯಂಗಳಗಳಲ್ಲಿ ಬಳ್ಳಾರಿ ಜಾಲಿ ಹಬ್ಬಿದೆ. ಅದರ ಮುಳ್ಳು ಹವಾಯಿ ಚಪ್ಪಲಿಯನ್ನು ತೂರಿ ಅಂಗಾಲಿಗಿಳಿಯುತ್ತದೆ. ಕುರಿಗಾಹಿಗಳು ಹಳೆಯ ಟಯರಿನ ಅಟ್ಟೆಗೆ ತೊಗಲಿನ ಬಾರು ಹೊಲಿಸಿದ ಚಪ್ಪಲಿಯನ್ನು ನೆಚ್ಚಿಕೊಂಡದ್ದು ಈ ಕಾರಣಕ್ಕೇ.

ಸೇವೆಯಲ್ಲಿದ್ದಾಗ, ಬರ ಪರಿಹಾರಕ್ಕೆಂದು ಕೈಗೊಂಡ ಹೂಳೆತ್ತುವ ಕಾಮಗಾರಿಗಳ ತಪಾಸಣೆಗೆ ನಾನು ದಪ್ಪ ಅಟ್ಟೆಯ ಬೂಟು ಮೆಟ್ಟಿ ಹೋಗುತ್ತಿದ್ದೆ. ಒಮ್ಮೆ ಬರಿಗಾಲಲ್ಲಿ ಮಣ್ಣು ಹೊರುತ್ತಿದ್ದ ಮಹಿಳೆಯೊಬ್ಬರು ಬುಟ್ಟಿಯಿಳಿಸಿ, ಕಾಲಿನ ಮುಳ್ಳು ಕಿತ್ತು, ಮತ್ತೆ ಬುಟ್ಟಿ ಹೊತ್ತರು. ಹಾಜರಿ ಪಟ್ಟಿಯನ್ನೂ ಮಣ್ಣಿನ ಅಳತೆಯನ್ನೂ ಪರಿಶೀಲಿಸಿದ ನಾನು ಅವರ ಪಾದಗಳ ಬಗ್ಗೆ ಒಂದು ಸಾಲಿನ ಟಿಪ್ಪಣಿಯನ್ನೂ ಬರೆಯಲಿಲ್ಲ.

2005ರ ಉದ್ಯೋಗ ಖಾತರಿ ಕಾಯ್ದೆ ಕಾಮಗಾರಿ ಸ್ಥಳದಲ್ಲಿ ಕುಡಿಯುವ ನೀರು, ನೆರಳು, ಪ್ರಥಮ ಚಿಕಿತ್ಸೆ ಇರಬೇಕೆಂದಿತು, ಪಾದರಕ್ಷೆಯನ್ನು ಹೆಸರಿಸಲಿಲ್ಲ. ಕಾಲು ಕೀವುಗಟ್ಟಿದರೆ ನಷ್ಟವಾಗುವುದು ದಿನಗೂಲಿಯವರ ಸಂಪಾದನೆ. ಆ ನಷ್ಟ ಯಾವ ಅಂದಾಜುಪಟ್ಟಿಯಲ್ಲೂ ಕಾಣುವುದಿಲ್ಲ. ಚರ್ಮ ಕುಶಲಕರ್ಮಿಗಳ ಏಳಿಗೆಗೆಂದೇ 1976ರಲ್ಲಿ ಸ್ಥಾಪನೆಯಾದ ಲಿಡ್ಕರ್ ನಿಗಮ ನಮ್ಮಲ್ಲಿದೆ. ಅದರ ಮೂಲಕ ಈ ತಾಲ್ಲೂಕುಗಳ ಕುಶಲಕರ್ಮಿಗಳಿಂದಲೇ ಗಟ್ಟಿ ಚಪ್ಪಲಿ ಹೊಲಿಸಿ ಕೂಲಿಕಾರರಿಗೆ ಕೊಟ್ಟರೆ ಇಬ್ಬರಿಗೂ ಅನ್ನ ದಕ್ಕೀತು.

ಗುದ್ದಲಿ, ಬುಟ್ಟಿಗಳಂತೆ ಚಪ್ಪಲಿಯೂ ದುಡಿಮೆಯ ಸಲಕರಣೆ. ಅಂದು ನಾನು ಬರೆಯದೆ ಬಿಟ್ಟ ಟಿಪ್ಪಣಿ ಇದೇ.