ದೊಡ್ಡ ತೋಟೆಯನ್ನು ಗಿಡ್ಡ ತೋಟೆ ಗೆದ್ದದ್ದು ಹೀಗೆ

ಶರವಣಂಪಟ್ಟಿ: ಇಲ್ಲಿಂದ ಸತ್ಯಮಂಗಲ ರಸ್ತೆ ಹಿಡಿದರೆ ದಿಂಬಂ ಘಾಟಿ, ಹಾಸನೂರು, ಆಚೆಗೆ ಚಾಮರಾಜನಗರ. ರಜೆಗೆ ಊರಿಗೆ ಹೋಗುವ ಕನ್ನಡ ಕುಟುಂಬಗಳಿಗೆ ಚಿರಪರಿಚಿತ ದಾರಿ. ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ (1910-1974) ಅಲೆದ ಕಾಡುಸೀಮೆಯೂ ಇದೇ. ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದ ಆ ಕಥೆಗಳನ್ನು ಓದಿದವರಿಗೆ ಆಂಡರ್ಸನ್ನರ .405 ವಿಂಚೆಸ್ಟರ್ ರೈಫಲ್ ನೆನಪಿದ್ದೀತು.

1904ರಲ್ಲಿ ಬಂದ ಆ ತೋಟೆಯ ಗುಂಡು 19 ಗ್ರಾಂಗೂ ಹೆಚ್ಚು ತೂಕ. ವೇಗ ಸೆಕೆಂಡಿಗೆ ಸುಮಾರು 670 ಮೀಟರ್. ಎರಡೇ ವರ್ಷಕ್ಕೆ ಅಮೆರಿಕದ ಸೇನೆ .30-06 ತಂದಿತು. ಗುಂಡು ಅದರ ಅರ್ಧ ತೂಕದ್ದು, ಮೊನಚು ಮೂತಿಯದು. ವೇಗ 820 ಮೀಟರ್ ದಾಟಿತು.

ಹಾಗಾದ್ರೆ ಹಿತ್ತಾಳೆ ಕೋಶ ದೊಡ್ಡದು ಮಾಡಿ, ಮದ್ದು ಜಾಸ್ತಿ ತುಂಬಿದರೆ ಆಯ್ತಲ್ಲ? ಅಷ್ಟು ಸಲೀಸಲ್ಲ. ಕೋಶ ಎಷ್ಟು ಹಿಡಿಯುತ್ತದೆ ಅನ್ನೋದನ್ನು ನೀರು ತುಂಬಿಸಿ ತೂಗುತ್ತಾರೆ. .30-06 ಹಿಡಿಯೋದು ಸುಮಾರು 4.4 ಗ್ರಾಂ. 1952ರಲ್ಲಿ ವಿಂಚೆಸ್ಟರ್ ಕಂಪನಿ ಮಾರುಕಟ್ಟೆಗೆ ಬಿಟ್ಟ .308 ಹಿಡಿಯೋದು ಸುಮಾರು 3.6 ಗ್ರಾಂ. ಜಾಗ ಐದರಲ್ಲೊಂದು ಪಾಲು ಕಡಿಮೆಯಾದರೂ ಒಂದೇ ತೂಕದ ಗುಂಡಿನ ವೇಗ ಇಳಿದದ್ದು ನೂರಕ್ಕೆ ಮೂರರಷ್ಟು ಮಾತ್ರ! ಸುಧಾರಿಸಿದ ಮದ್ದು, ಕೊಂಚ ಹೆಚ್ಚಿನ ಒತ್ತಡ ಇದಕ್ಕೆ ಕಾರಣ. ಬಲ್ಲವರ ಅಂದಾಜಿನಲ್ಲಿ, ಒತ್ತಡ ಬದಲಾಗದಿದ್ದರೆ ಜಾಗ ನಾಲ್ಕು ಪಾಲು ಹೆಚ್ಚಿದಾಗ ವೇಗ ಒಂದೇ ಪಾಲು ಹೆಚ್ಚುತ್ತದೆ. ಮಿಕ್ಕ ಮದ್ದಿನ ಖರ್ಚು ಸದ್ದಿಗೆ, ಹಿಂದೊದೆತಕ್ಕೆ, ನಳಿಗೆಯ ಸವೆತಕ್ಕೆ.

ಕೋಶ ಗಿಡ್ಡವಾದರೆ ಹಿತ್ತಾಳೆ ಉಳಿತಾಯ, ರೈಫಲ್ಲೂ ಹಗುರ. ವ್ಯಾಪಾರಕ್ಕೆ ಇನ್ನೇನು ಬೇಕು? 1954ರಲ್ಲಿ ನ್ಯಾಟೋ ದೇಶಗಳು ಇದೇ ಅಳತೆಯ ತೋಟೆ ಒಪ್ಪಿದವು. ಭಾರತೀಯ ಸೇನೆಯ ಸೆಲ್ಫ್ ಲೋಡಿಂಗ್ ರೈಫಲ್ಲಿಗೂ ಇದೇ ಬಂತು.

ಕೋಶದ ಗೋಡೆ ದಪ್ಪವಾದರೆ ಒಳಜಾಗ ಕುಗ್ಗುತ್ತದೆ. ಆಗ ಅದೇ ಮದ್ದಿಗೆ ಒತ್ತಡ ಏರಿ, ಮಿತಿ ಮೀರಿದರೆ ಕೋವಿಯೇ ಒಡೆಯಬಹುದು. ನೂರಕ್ಕೆ 70 ತಾಮ್ರ, 30 ಸತು ಬೆರೆಸಿದ ಹಿತ್ತಾಳೆಯನ್ನು ಹಂತ ಹಂತವಾಗಿ ಎಳೆದು, ನಡುನಡುವೆ ಕಾಯಿಸಿ ಕೋಶ ಮಾಡುವಾಗ ಕೂದಲೆಳೆಯ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ. ರಕ್ಷಣಾ ಕೈಗಾರಿಕಾ ಕಾರಿಡಾರಿನ ಐದು ಕೇಂದ್ರಗಳಲ್ಲಿ ಒಂದಾದ ಕೊಯಮತ್ತೂರಿನ ಲೇತ್ ಕೆಲಸದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಪರವಾನಗಿ ಇಲ್ಲದೆ ತೋಟೆ ತಯಾರಿಸುವುದು ಮಾತ್ರ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಅಪರಾಧ.

ಆಂಡರ್ಸನ್ನರ ಮಾದರಿಯ ರೈಫಲ್ ತಯಾರಿಕೆ 1930ರ ದಶಕದಲ್ಲೇ ನಿಂತಿತ್ತು. 1972ರ ವನ್ಯಜೀವಿ ಕಾಯ್ದೆ ಬೇಟೆಗೂ ತೆರೆ ಎಳೆಯಿತು. ಸತ್ಯಮಂಗಲದ ಕಾಡು 2013ರಿಂದ ಹುಲಿ ಸಂರಕ್ಷಿತ ಪ್ರದೇಶ.